ನಾಲ್ಕು ಬೀಗದ ಪೆಟ್ಟಿಗೆ

ಫೆಬ್ರವರಿ 4

ಪ್ರೀತಿಯ ಅಕ್ಕನಿಗೆ,

ಈ ತಿಂಗಳು ದುಡ್ಡು ಕಳಿಸುವುದು ಸ್ವಲ್ಪ ತಡವಾಗುತ್ತದೆ. ಕಂಪನಿಯ ಆಫೀಸಿನಲ್ಲಿ ಏನೋ ಬದಲಾವಣೆ ನಡೆದಿದೆ. ನೀನು ಗಾಬರಿಯಾಗಬೇಡ, ಅಮ್ಮನಿಗೂ ಹೇಳಬೇಡ.

ನಮ್ಮ ಕೋಣೆಯಲ್ಲಿ ನಾನು ಎರಡು ಹೊಸ ನಿಯಮ ತಂದಿದ್ದೇನೆ. ಮೊದಲನೆಯದು, ಊರಿಂದ ಬಂದ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ದುಡಿಯುವವರು ಅನ್ನವನ್ನು ಹಂಚಿಕೊಂಡರೆ ಸಾಲದು, ಸುದ್ದಿಯನ್ನೂ ಹಂಚಿಕೊಳ್ಳಬೇಕು. ಹೇಗಿದ್ದರೂ ಇಲ್ಲಿ ಎಲ್ಲರಿಗೂ ಓದಿ ಹೇಳುವವನು ನಾನೇ. ಡ್ರೈವರ್‌ಗೆ ರಸ್ತೆಯ ಬೋರ್ಡು ಬಿಟ್ಟರೆ ಬೇರೇನೂ ಓದಲು ಬಾರದು. ಪೇಂಟರ್ ಮತ್ತು ಬಡಗಿ ಅಜ್ಜನಿಗೆ ಅದೂ ಬಾರದು. ಅಜ್ಜನಿಗೆ ಕಾಗದವೂ ಬರುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದೂ ಬಂದಿಲ್ಲವಂತೆ. ಆದರೂ ಓದುವಾಗ ಎಲ್ಲರಿಗಿಂತ ಮುಂದೆ ಬಂದು ಕೂರುವವನು ಅವನೇ. ನನಗೆ ಇವರು ಇಟ್ಟ ಹೆಸರು ‘ಲೀಡರ್’. ಅರ್ಧ ಪ್ರೀತಿ, ಅರ್ಧ ಗೇಲಿ.

ಎರಡನೆಯದು ಪೆಟ್ಟಿಗೆ. ಕಂಪನಿ ಇಷ್ಟು ದಿನ ತನ್ನಲ್ಲಿಟ್ಟುಕೊಂಡಿದ್ದ ಪಾಸ್‌ಪೋರ್ಟುಗಳನ್ನು ನಮಗೆ ಹಿಂದಕ್ಕೆ ಕೊಟ್ಟಿದೆ. ಅವನ್ನು ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ನಾಲ್ಕು ಬೀಗ ಹಾಕಿದ್ದೇವೆ. ಒಬ್ಬೊಬ್ಬರ ಹತ್ತಿರ ಒಂದೊಂದು ಕೀ. ನಾಲ್ವರೂ ಒಪ್ಪಿ ಒಟ್ಟಿಗೆ ಕೂತರೆ ಮಾತ್ರ ಅದು ತೆರೆಯುತ್ತದೆ. ಒಗ್ಗಟ್ಟು ಎನ್ನುವುದನ್ನು ಭಾಷಣದಲ್ಲಿ ಹೇಳುವುದು ಸುಲಭ, ಅದನ್ನು ಕೈಯಲ್ಲಿ ಮುಟ್ಟಿ ನೋಡುವಂತೆ ಮಾಡಿದ್ದೇನೆ.

ಪಕ್ಕದ ಕೋಣೆಯವರು ಖಾಲಿ ಮಾಡಿಕೊಂಡು ಹೋದರು. ಮೆಟ್ಟಿಲ ಮೇಲೆ ಈಗ ಸದ್ದು ಕಡಿಮೆ.

ನಿನ್ನ ತಮ್ಮ


ಫೆಬ್ರವರಿ 14

ತಮ್ಮಾ,

ನಿನ್ನ ಕಾಗದ ತಲುಪಿತು. ಇದನ್ನು ನೀನು ಗಟ್ಟಿಯಾಗಿ ಓದುತ್ತಿದ್ದೀಯಲ್ಲ, ಹಾಗಾಗಿ ಡ್ರೈವರಣ್ಣನಿಗೂ ಪೇಂಟರಣ್ಣನಿಗೂ ನಮಸ್ಕಾರ. ಅಜ್ಜನವರಿಗೆ ಬೇರೆಯಾಗಿ ನಮಸ್ಕಾರ. ಚಿಕ್ಕಂದಿನಲ್ಲಿ ಇವನು ಬಿಸ್ಕತ್ತಿನ ಡಬ್ಬಿಗೆ ದಾರ ಸುತ್ತಿ ಏಳು ಗಂಟು ಹಾಕಿ ಇಡುತ್ತಿದ್ದ. ಆಮೇಲೆ ತಾನೇ ಬಿಚ್ಚಲಾರದೆ ಅಳುತ್ತಿದ್ದ. ನಿಮ್ಮ ಪೆಟ್ಟಿಗೆಯ ಕೀಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಒಂದು ಮಾತು ಕೇಳುತ್ತೇನೆ. ಕಂಪನಿ ಯಾಕೆ ಪಾಸ್‌ಪೋರ್ಟನ್ನು ಸುಮ್ಮನೆ ಹಿಂದಕ್ಕೆ ಕೊಟ್ಟಿತು? ಕೊಡುವ ಕೈ ಅಲ್ಲವಲ್ಲ ಅದು.

ಮೊನ್ನೆ ನಿಮ್ಮನ್ನು ಕಳಿಸಿದ ಏಜೆಂಟನ ಆಫೀಸಿಗೆ ಹೋಗಿದ್ದೆ, ಸುಮ್ಮನೆ ವಿಚಾರಿಸೋಣ ಅಂತ. ಬಾಗಿಲು ಹಾಕಿತ್ತು. ಹೊರಗಿನ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಮಾತಿಗೆ ಮಾತು ಬೆಳೆದು ನೋಡಿದರೆ ಒಬ್ಬಳು ಡ್ರೈವರಣ್ಣನ ಹೆಂಡತಿ, ಇನ್ನೊಬ್ಬಳು ಪೇಂಟರಣ್ಣನ ಹೆಂಡತಿ. ಈಗ ಇಬ್ಬರೂ ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ನಿಮಗೆ ಬರೆಯುವ ಕಾಗದಗಳನ್ನು ಇನ್ನು ಮೇಲೆ ನನ್ನ ಕೈಲೇ ಬರೆಸುತ್ತಾರಂತೆ.

ಅಮ್ಮ ಚೆನ್ನಾಗಿದ್ದಾಳೆ. ಬಕೆಟ್ ತುಂಬ ಬಟ್ಟೆ ಹೊತ್ತು ಮೂರು ಮಹಡಿ ಹತ್ತಿ ಒಣಗಿಸಿ ಬರುತ್ತಾಳೆ. ಬರಿಗೈಲಿ ಹತ್ತುವ ನನಗೇ ಏದುಸಿರು. ಹೊಲಿಗೆ ಮಷೀನು ರಿಪೇರಿಗೆ ಹೋಗಿದೆ. ಹಾಗಾಗಿ ಕೈ ಬಿಡುವಾಗಿದೆ, ಉದ್ದ ಕಾಗದ ಬರೆದಿದ್ದೇನೆ.

ಅಕ್ಕ


ಫೆಬ್ರವರಿ 25

ಅಕ್ಕಾ,

ಇದನ್ನು ಕೋಣೆಯಲ್ಲಿ ಬರೆಯುತ್ತಿಲ್ಲ, ಕೆಲಸದ ಜಾಗದಲ್ಲಿ ಕೂತು ಬರೆಯುತ್ತಿದ್ದೇನೆ. ಹನ್ನೆರಡು ಅಂತಸ್ತಿನ ಕಟ್ಟಡ, ಏಳಕ್ಕೆ ನಿಂತಿದೆ. ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದಾರೆ. ಕೆಳಗೆ ಹಾಜರಿ ಯಂತ್ರವೊಂದೇ ಬದುಕಿದೆ. ದಿನಾ ಬೆಳಿಗ್ಗೆ ನಾಲ್ವರೂ ಬಂದು ಕಾರ್ಡು ತೂರಿಸುತ್ತೇವೆ. ಅದು ಟಕ್ ಅಂತ ಗಂಟೆ ಒತ್ತುತ್ತದೆ. ಸಂಜೆಯವರೆಗೆ ಸಿಮೆಂಟು ಚೀಲದ ಮೇಲೆ ಕೂತು ಮತ್ತೆ ಒತ್ತಿಸಿ ಹೋಗುತ್ತೇವೆ. ಇದು ನನ್ನ ಹಟ. ಹಾಜರಿ ಇದ್ದರೆ ತಾನೇ ಸಂಬಳ ಕೇಳುವ ಹಕ್ಕು. ನಾಲ್ಕು ತಿಂಗಳಿಂದ ಸಂಬಳ ಇಲ್ಲ ಅಕ್ಕಾ. ನಿನಗೆ ಸುಳ್ಳು ಬರೆದಿದ್ದೆ. ಇಷ್ಟು ದಿನ ಕಳಿಸಿದ್ದು ಕೂಡಿಟ್ಟ ದುಡ್ಡು.

ಪಕ್ಕದ ಕೋಣೆಯದ್ದೂ ಸುಳ್ಳು. ಅಲ್ಲಿದ್ದವರು ಖಾಲಿ ಮಾಡಲಿಲ್ಲ. ಮೂವರು ಒಂದು ಬೆಳಿಗ್ಗೆ ವಿಮಾನ ಹತ್ತಿ ಓಡಿಹೋದರು. ನಾಲ್ಕನೆಯವನು ಹಲ್ಲುಜ್ಜಿ ಬರುವಷ್ಟರಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಅವನು ಮೂವರಲ್ಲಿ ಒಬ್ಬನ ಸಾಲಕ್ಕೆ ಜಾಮೀನು ಸಹಿ ಹಾಕಿದ್ದ. ಆರು ದಿನದ ಮೇಲೆ ಅವನನ್ನು ಕರೆದುಕೊಂಡು ಹೋದರು. ಚಪ್ಪಲಿ ಹಾಕಿಕೊಳ್ಳಲು ಬಿಟ್ಟರು, ಬೆಲ್ಟು ಬಿಚ್ಚಿಸಿದರು. ಅದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಹೊರಗೆ ಬಂದು ಒಂದು ಮಾತು ಕೇಳಲಿಲ್ಲ. ಕಾರ್ಮಿಕರ ಹಕ್ಕಿನ ಅಷ್ಟು ಪುಸ್ತಿಕೆ ಓದಿದವನು ಉಸಿರು ಹಿಡಿದು ನಿಂತಿದ್ದೆ.

ಇಲ್ಲಿನ ಕಾನೂನು ಹಾಗೆ. ಸಾಲ ಕಟ್ಟದವನಿಗೆ ಜೈಲು, ಅವನು ಓಡಿಹೋದರೆ ಅವನಿಗೆ ಜಾಮೀನು ನಿಂತವನಿಗೆ ಜೈಲು. ನಾವೂ ಇಲ್ಲಿನ ಬ್ಯಾಂಕಿನಲ್ಲಿ ಸಾಲ ತೆಗೆದವರೇ, ನಾವು ಮೂವರು ಬಂದ ವರ್ಷ ಏಜೆಂಟನಿಗೆ ಸುರಿಯಲು, ಅಜ್ಜ ಅದೇ ವರ್ಷ ತನ್ನ ಹಳೆಯ ಸಾಲ ತೀರಿಸಲು. ಡ್ರೈವರ್‌ಗೆ ನಾನು ಸಹಿ ಹಾಕಿದ್ದೇನೆ. ಪೇಂಟರ್‌ಗೆ ಡ್ರೈವರ್, ಅಜ್ಜನಿಗೆ ಪೇಂಟರ್, ನನಗೆ ಅಜ್ಜ. ಪಕ್ಕದ ಕೋಣೆಯ ಘಟನೆಯಾದ ಮೇಲೆ ನಮ್ಮಲ್ಲಿ ಯಾರೂ ಒಬ್ಬರನ್ನೊಬ್ಬರು ಬಿಟ್ಟು ಸ್ನಾನಕ್ಕೂ ಹೋಗುತ್ತಿರಲಿಲ್ಲ. ಅದಕ್ಕೇ ಆ ಪೆಟ್ಟಿಗೆ. ನಾನು ಅದಕ್ಕೆ ಒಗ್ಗಟ್ಟು ಎಂದು ಹೆಸರಿಟ್ಟೆ. ಅದು ಭಯ ಅಷ್ಟೇ.

ಪಾಸ್‌ಪೋರ್ಟು ಯಾಕೆ ಹಿಂದಕ್ಕೆ ಕೊಟ್ಟರು ಎಂದು ಕೇಳಿದ್ದೆಯಲ್ಲ, ಏಪ್ರಿಲ್ ಹದಿನೈದಕ್ಕೆ ಕಂಪನಿ ಬಾಗಿಲು ಹಾಕಿ ನಮ್ಮ ಹೆಸರಿನ ಪಟ್ಟಿಯನ್ನು ಬ್ಯಾಂಕಿಗೆ ಕೊಡುತ್ತದೆ. ಪಟ್ಟಿಯಲ್ಲಿ ಹೆಸರು ಸೇರಿದವನನ್ನು ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಅಷ್ಟರೊಳಗೆ ಹೋದವನು ಬಚಾವ್. ಬ್ಯಾಂಕಿನವನು ಈಗಲೇ ನಾವಿರುವ ಕಟ್ಟಡಕ್ಕೆ ಬಂದು ಹೋಗುತ್ತಾನೆ. ನಾವು ಹೊರಗೆ ಒಂದೇ ಜೊತೆ ಚಪ್ಪಲಿ ಬಿಡುತ್ತೇವೆ, ಬಟ್ಟೆ ಒಳಗೇ ಒಣಗಿಸುತ್ತೇವೆ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ನಾಲ್ವರೂ ತಟ್ಟೆಯಿಂದ ಕೈ ಎತ್ತುತ್ತೇವೆ.

ನಾನು ಮಾತ್ರ ಓಡುವುದಿಲ್ಲ. ಸಾಲಕ್ಕಿಂತ ನಮಗೆ ಬರಬೇಕಾದ ಸಂಬಳವೇ ಹೆಚ್ಚು. ಕಾರ್ಮಿಕ ಇಲಾಖೆಗೆ ಅರ್ಜಿ ಬರೆದು ಅದರ ಒಂದು ಪ್ರತಿಯನ್ನು ಮ್ಯಾನೇಜರ್‌ಗೂ ಕೊಟ್ಟಿದ್ದೇನೆ. ನಾಲ್ವರ ಸಹಿ, ಹೆಬ್ಬೆಟ್ಟುಗಳನ್ನು ದುಂಡಗೆ ಚಕ್ರದ ಹಾಗೆ ಹಾಕಿಸಿದ್ದೇನೆ. ಮೊದಲು ಯಾರು, ಕೊನೆಗೆ ಯಾರು ಎಂದು ಗೊತ್ತಾಗುವುದಿಲ್ಲ, ಮುಖಂಡನನ್ನು ಆರಿಸಿ ಹಿಡಿಯಲಾಗುವುದಿಲ್ಲ. ಇದನ್ನು ಒಂದು ಪುಸ್ತಿಕೆಯಲ್ಲಿ ಓದಿದ್ದೆ.

ಉತ್ತರದಲ್ಲಿ ಇದಾವುದನ್ನೂ ಬರೆಯಬೇಡ, ಎಲ್ಲರೂ ಕೇಳುತ್ತಾರೆ. ಮಷೀನು ರಿಪೇರಿಯಿಂದ ಬಂದ ಮೇಲೆ ಎಣ್ಣೆ ಬಿಡಲು ಮರೆಯಬೇಡ.

ನಿನ್ನ ತಮ್ಮ


ಮಾರ್ಚ್ 6

ಚಿರಂಜೀವಿ ತಮ್ಮನಿಗೆ ಆಶೀರ್ವಾದ.

ಅಮ್ಮ ಮಲಗಿದ್ದಾಳೆ. ಹದಿನೈದು ದಿನದಿಂದ ಏಳುವುದಿಲ್ಲ. ಡಾಕ್ಟರು ಕೈ ಚೆಲ್ಲಿದ್ದಾರೆ. ನಿನ್ನ ಹೆಸರನ್ನೇ ಕನವರಿಸುತ್ತಾಳೆ. ಬೇಗ ಬಂದು ಮುಖ ನೋಡಿಕೊಂಡು ಹೋಗು. ಟಿಕೆಟ್ಟಿಗೆ ಬೇಕಾದದ್ದನ್ನು ಕಳಿಸಿದ್ದೇನೆ. ನಿನ್ನ ಜೊತೆಯಲ್ಲಿರುವ ಹಿರಿಯರು ಮನಸ್ಸು ದೊಡ್ಡದು ಮಾಡಿ ಪೆಟ್ಟಿಗೆ ತೆಗೆದುಕೊಡಬೇಕೆಂದು ಕೈ ಮುಗಿದು ಕೇಳುತ್ತೇನೆ.

ಅಕ್ಕ


ಮಾರ್ಚ್ 16

ಅಕ್ಕಾ,

ನಿನ್ನೆ ಮೂರು ಕಾಗದ ಒಟ್ಟಿಗೆ ಬಂದವು.

ಮೊದಲು ಡ್ರೈವರ್‌ದು ಒಡೆದೆ. ಅವನ ಅಮ್ಮ ಮಲಗಿದ್ದಾಳೆ, ಡಾಕ್ಟರು ಕೈ ಚೆಲ್ಲಿದ್ದಾರೆ, ಬೇಗ ಬಂದು ಮುಖ ನೋಡಿಕೊಂಡು ಹೋಗಬೇಕು. ನಿನ್ನ ಅಕ್ಷರ. ಡ್ರೈವರ್ ತಲೆ ತಗ್ಗಿಸಿ ಕೂತ. ಕಣ್ಣಲ್ಲಿ ನೀರಿಲ್ಲ, ಕಾಲು ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ಪೇಂಟರ್‌ದು. ಅವನ ಅಮ್ಮನೂ ಮಲಗಿದ್ದಾಳೆ, ಅದೇ ಡಾಕ್ಟರು, ಅದೇ ಮಾತು. ಪೇಂಟರ್ ನಂಬಿಬಿಟ್ಟ. ಗೋಡೆಗೆ ಹಣೆ ಹಚ್ಚಿ ಮಗುವಿನ ಹಾಗೆ ಅತ್ತ. ನಾನು ದನಿ ಬದಲಾಯಿಸದೆ ಕೊನೆಯ ಸಾಲಿನವರೆಗೆ ಓದಿದೆ. ಮೂರನೆಯದು ನನ್ನದು. ಅದನ್ನೂ ಓದಿದೆ.

ಅಜ್ಜ ಎಂದಿನಂತೆ ಮುಂದೆ ಕೂತಿದ್ದ. “ಮೂರು ಮನೇಲೂ ಒಂದೇ ವಾರಾನಾ?” ಅಂದ. ಆಮೇಲೆ ಅವನು ಸೊಂಟದ ದಾರದಿಂದ ಕೀ ಬಿಚ್ಚಿ ಚಾಪೆಯ ಮೇಲಿಟ್ಟ. “ಹೋಗ್ರಪ್ಪಾ. ತಾಯಂದಿರ ವಿಷಯ. ನಾನಂತೂ ಅಡ್ಡ ಬರಲ್ಲ.”

ನಾವು ಮೂವರು ಹೋದರೆ ನನ್ನ ಸಾಲ ಬೀಳುವುದು ಅವನ ತಲೆಯ ಮೇಲೆ. ಅದು ಅವನಿಗೆ ಚೆನ್ನಾಗಿ ಗೊತ್ತು.

ಪೇಂಟರ್ ಇನ್ನೂ ಬಿಕ್ಕುತ್ತಿದ್ದ. ನನಗೆ ತಡೆಯಲಾಗಲಿಲ್ಲ. “ಅಳಬೇಡ, ಎಲ್ಲಾ ಸುಳ್ಳು. ಮೂರನ್ನೂ ಬರೆದೋಳು ನಮ್ಮಕ್ಕ” ಅಂದುಬಿಟ್ಟೆ. ಪೇಂಟರ್ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದ. ಆಮೇಲೆ ನಕ್ಕ, ಆಮೇಲೆ ಮತ್ತೆ ಅತ್ತ. ಡ್ರೈವರ್ ಮಾತ್ರ, “ನಂಗೊತ್ತಿತ್ತು. ಕಾಸು ಕೊಟ್ಟು ಕೆಳಗಿನ ಅಂಗಡಿ ಫೋನಲ್ಲೇ ಹೆಂಡ್ತಿ ಹತ್ರ ಮಾತಾಡ್ಕೊಂಡಿದ್ದೆ. ಏನೋ ಲೀಡರ್, ಒಂದ್ ದಿನ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿಂಗೆ?” ಅಂದ.

ಓಡುವುದಿಲ್ಲ ಎಂದು ನಿನಗೆ ಬರೆದಿದ್ದ ನಾನು ಚಾಪೆಯ ಮೇಲಿನ ಆ ಕೀ ನೋಡಿ ಹೇಳಿದೆ, ಹೋದರೆ ನಾಲ್ವರೂ ಒಂದೇ ದಿನ, ಒಂದೇ ವಿಮಾನಕ್ಕೆ. ಆಗ ಯಾರ ಸಾಲವೂ ಯಾರ ಕತ್ತಿಗೂ ಬೀಳುವುದಿಲ್ಲ.

“ಮದುವೆ ದಿಬ್ಬಣಾನಾ ಇದು?” ಅಂದ ಡ್ರೈವರ್. ಆದರೆ ಒಪ್ಪಿದ. ಪೇಂಟರೂ ಒಪ್ಪಿದ. ಏಪ್ರಿಲ್ ಹದಿಮೂರು ಅಂತ ಆಯಿತು. ಟಿಕೆಟ್ಟಿಗೆ ಹೊಂದಿಸಿಕೊಳ್ಳಲು ಅವರಿಗೆ ಅಷ್ಟು ದಿನ ಬೇಕು.

ಒಪ್ಪದವನು ಅಜ್ಜ. ಅವನಲ್ಲಿ ಟಿಕೆಟ್ಟಿನ ದುಡ್ಡಿದೆ. ತಾನು ಇಲ್ಲಿ ಸತ್ತರೆ ಹೆಣ ಊರಿಗೆ ಕಳಿಸಲಿ ಎಂದು ಕೆಳಗಿನ ಅಂಗಡಿಯವನ ಹತ್ತಿರ ಕೊಟ್ಟಿಟ್ಟಿದ್ದಾನೆ. “ಹೆಣದ ಟಿಕೆಟ್‌ಗಿಂತ ಜೀವಂತ ಟಿಕೆಟ್ ಅಗ್ಗ ಅಜ್ಜಾ” ಎಂದು ನಾನೇ ಚೇಷ್ಟೆ ಮಾಡಿದೆ. ಅವನು ನಕ್ಕ. “ಹೋಗಿ ಎಲ್ಲಿ ಇಳೀಲಿ? ಸುಳ್ಳು ಬರೆಯೋಕೂ ಒಬ್ರು ಬೇಕಲ್ಲೋ ಮನುಷ್ಯಂಗೆ. ನೀವು ಹೊರಡಿ. ಜೈಲಲ್ಲೂ ಊಟ ಕೊಡ್ತಾರೆ.”

ಅಕ್ಕಾ, ನನಗೆ ನಿನ್ನ ಮೇಲೆ ಸಿಟ್ಟಿದೆ. ಮೂರು ಬರೆದೆ, ನಾಲ್ಕನೆಯದು ಯಾಕೆ ಬರೆಯಲಿಲ್ಲ? ಅವನ ಕಡೆಯಿಂದ ನಿನ್ನ ಬಾಗಿಲಿಗೆ ಬಂದು ಅಳುವ ಹೆಂಗಸು ಇಲ್ಲ ಎಂದೇ? ನಾವು ಮನೆಯವರನ್ನು ಮಾತ್ರ ಉಳಿಸಿಕೊಳ್ಳುವವರಾದರೆ ನಾನು ಓದಿದ್ದೆಲ್ಲ ರದ್ದಿ. ಅವನಿಗೊಂದು ಕಾಗದ ಬರೆ. ಸುಳ್ಳಾದರೂ ಸರಿ. ಯಾರ ಹೆಸರಿನಲ್ಲಾದರೂ ಸರಿ.

ತಮ್ಮ


ಮಾರ್ಚ್ 26

ತಮ್ಮಾ,

ನೀನು ಬೈದದ್ದು ಸರಿ. ಫೆಬ್ರವರಿಯ ನಿನ್ನ ಎರಡನೆಯ ಕಾಗದ ಓದಿದವಳೇ ಪೆನ್ನು ಹಿಡಿದೆ. ನಾಲ್ವರಲ್ಲಿ ನೀನೊಬ್ಬ ಬಂದರೆ ಸಾಕು ಎಂದುಕೊಂಡು ಮೊದಲು ನಿನ್ನದನ್ನು ಬರೆದೆ. ಅದು ಒಣಗುವ ಮೊದಲೇ ಆ ಇಬ್ಬರು ಹೆಂಗಸರು ಬಂದು ನೋಡಿಬಿಟ್ಟರು. ನಾನೇ ಮಾಡಿದ ತಪ್ಪನ್ನು ಅವರು ಮಾಡಬಾರದು ಎಂದು ಯಾವ ಬಾಯಲ್ಲಿ ಹೇಳಲಿ? ಅವರಿಗೂ ಬರೆದುಕೊಟ್ಟೆ. ಮೂರನೆಯದು ಬರೆಯುವಾಗ ಬೇರೆ ಮಾತು ಹೊಳೆಯಲಿಲ್ಲ, ಅದನ್ನೇ ಇಳಿಸಿದೆ. ನೀನೇ ಓದುವವನು ಎನ್ನುವುದು ತಲೆಗೇ ಬರಲಿಲ್ಲ. ಅಜ್ಜ ಎನ್ನುವ ಒಬ್ಬರು ಇದ್ದಾರೆ ಎನ್ನುವುದೂ. ಅದು ಹೇಳಿಕೊಳ್ಳುವ ಮಾತಲ್ಲ, ಆದರೆ ನಿಜ.

ಅವರಿಗೆ ಸುಳ್ಳು ಬರೆಯಲಾರೆ. ಇನ್ನೊಂದು ಹಾಳೆ ಇಟ್ಟಿದ್ದೇನೆ, ಓದಿ ಹೇಳು.

ನಿನ್ನ ಅರ್ಜಿಯ ಬಗ್ಗೆ ನನಗೊಂದು ಹೆದರಿಕೆ. ಸಹಿ ದುಂಡಗೆ ಹಾಕಿಸಿದೆ, ಸರಿ. ಮೇಲಿನ ಬರಹ ಯಾರ ಕೈದು?

ಅಕ್ಕ

(ಇನ್ನೊಂದು ಹಾಳೆ)

ಅಜ್ಜನವರಿಗೆ ನಮಸ್ಕಾರ.

ನಾನು ನಿಮ್ಮನ್ನು ನೋಡಿಲ್ಲ. ಇಲ್ಲಿ ನಿಮಗಾಗಿ ಯಾರೂ ಸಾಯುತ್ತಿಲ್ಲ. ನಮ್ಮ ಮನೆಯ ಮುಂಬಾಗಿಲು ಹನ್ನೊಂದು ವರ್ಷದಿಂದ ನೆಲಕ್ಕೆ ಉಜ್ಜುತ್ತದೆ. ದಿನಾ ಕಾಲಿನಿಂದ ಎತ್ತಿ ಹಾಕುತ್ತೇನೆ, ಹೆಬ್ಬೆರಳು ದಡ್ಡುಗಟ್ಟಿದೆ. ಮೂವರು ಬಡಗಿಗಳು ಬಂದು ನೋಡಿ ನಾಳೆ ಬರುತ್ತೇವೆಂದು ಹೋದವರು ಇನ್ನೂ ಬಂದಿಲ್ಲ. ಮುಂದಿನ ಕೋಣೆಯಲ್ಲಿ ಮೊದಲು ಹೊಲಿಗೆ ಮಷೀನು ಇತ್ತು, ಈಗ ಆ ಜಾಗ ಖಾಲಿ. ಒಬ್ಬರು ಕಾಲು ಚಾಚಿ ಮಲಗಬಹುದು. ನಮ್ಮ ಅಮ್ಮನಿಗೆ ಬಾಯಿ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಂದು ಬಾಗಿಲು ನೋಡಿ. ಆಮೇಲೆ ಇರುವುದು ಬಿಡುವುದು ನಿಮ್ಮ ಇಷ್ಟ.

ಲೀಡರನ ಅಕ್ಕ


ಏಪ್ರಿಲ್ 13

ಅಕ್ಕಾ,

ವಿಮಾನ ನಿಲ್ದಾಣದಲ್ಲಿ ನಿಂತೇ ಬರೆಯುತ್ತಿದ್ದೇನೆ, ಹಾಳೆಯನ್ನು ಸೂಟ್‌ಕೇಸಿನ ಮೇಲಿಟ್ಟುಕೊಂಡು. ಅಕ್ಷರ ಕೆಟ್ಟಿದ್ದರೆ ಬೈಯಬೇಡ.

ನಿನ್ನ ಹಾಳೆಯನ್ನು ಅಜ್ಜ ಮೂರು ಸಲ ಓದಿಸಿದ. ಆಮೇಲೆ ತಾನೇ ಕೈಗೆ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದ, ಮರದ ನಯ ನೋಡುವ ಹಾಗೆ. “ಬಾಗಿಲು ಉಜ್ಜೋದು ಯಾವ ಕಡೆ ಅಂತ ಬರೆದಿಲ್ಲವಲ್ಲೋ” ಅಂದ. ಮಾರನೆಯ ಬೆಳಿಗ್ಗೆ ಅಂಗಡಿಯವನ ಹತ್ತಿರ ಹೋಗಿ ಹೆಣದ ದುಡ್ಡು ಬಿಡಿಸಿಕೊಂಡು ಬಂದ.

ಮಷೀನಿನ ಜಾಗ ಖಾಲಿ ಎಂದು ನೀನು ಅವನಿಗೆ ಬರೆದದ್ದನ್ನು ನಾನೂ ಓದಿದೆ. ಎಣ್ಣೆ ಬಿಡು ಎಂದು ಬರೆದಿದ್ದೆನಲ್ಲ ನಾನು. ನನ್ನ ಟಿಕೆಟ್ಟು ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಅರ್ಜಿ ಬರೆದದ್ದು ನನ್ನ ಕೈ. ಎರಡು ವರ್ಷದಿಂದ ಕಂಪನಿಯ ಉಗ್ರಾಣದ ಸಾಮಾನಿನ ಪುಸ್ತಕ ಬರೆಯುತ್ತಿರುವುದೂ ಅದೇ ಕೈ. ಸಹಿಗಳನ್ನು ಚಕ್ರದ ಹಾಗೆ ಹಾಕಿಸಿದ ಜಾಣನಿಗೆ ಇದು ಹೊಳೆಯಲಿಲ್ಲ. ಮೊನ್ನೆ ಹನ್ನೊಂದಕ್ಕೆ ಮ್ಯಾನೇಜರ್ ನನ್ನನ್ನು ಕರೆಸಿದ. ಮೇಜಿನ ಮೇಲೆ ಆ ಪುಸ್ತಕ, ಪಕ್ಕದಲ್ಲಿ ಅರ್ಜಿಯ ಪ್ರತಿ. ಎರಡರ ಮೇಲೂ ಬೆರಳಿಟ್ಟು ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ. “ಸರಿ, ಹೋಗು” ಅಂದ. ನಾನು ಹೊರಗೆ ಬರುವಾಗ ಫೋನ್ ಎತ್ತಿದ್ದ. ಮರುದಿನ ಹಾಜರಿ ಯಂತ್ರದ ವೈರು ಕಿತ್ತಿತ್ತು.

ಪಟ್ಟಿ ಹದಿನೈದಕ್ಕೆ. ಆದರೆ ಒಂದು ಹೆಸರು ಮಾತ್ರ ಮುಂಚೆ ಹೋಗಿರಬಹುದು. ಹೋಗಿಲ್ಲದೆಯೂ ಇರಬಹುದು. ಇದನ್ನು ಇವರಲ್ಲಿ ಯಾರಿಗೂ ನಾನು ಹೇಳಿಲ್ಲ. ಹೇಳಿದರೆ ಅಜ್ಜ ವಿಮಾನ ಹತ್ತುವುದಿಲ್ಲ.

ಬೆಳಿಗ್ಗೆ ಪೆಟ್ಟಿಗೆ ತೆರೆದೆವು. ನಾಲ್ಕು ಬೀಗ ಬಿಚ್ಚಿದ ಮೇಲೂ ಯಾರೂ ಒಳಗೆ ಕೈ ಹಾಕಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಕೊನೆಗೆ ಅಜ್ಜನೇ ಎತ್ತಿ ಫೋಟೋ ನೋಡಿ ಹಂಚಿದ. ಡ್ರೈವರ್‌ಗೆ ಪೇಂಟರ್‌ದು ಕೊಟ್ಟ. “ಎರಡೂ ಕಳ್ಳರ ಮುಖವೇ, ಗೊತ್ತಾಗಲ್ಲ” ಅಂದ. ಎಲ್ಲರೂ ನಕ್ಕೆವು. ಆ ಕೋಣೆಯಲ್ಲಿ ಎಷ್ಟೋ ವಾರಗಳ ಮೇಲೆ ಕೇಳಿದ ನಗು.

ಡ್ರೈವರ್ ಮತ್ತು ಪೇಂಟರ್ ಗಾಜಿನ ಆಚೆ ಹೋದರು. ಅಲ್ಲಿಂದ ಕೈ ಬೀಸುತ್ತಿದ್ದಾರೆ, ಮೂರ್ಖರು, ಸುಮ್ಮನಿರಬಾರದೇ. ಸಾಲಿನಲ್ಲಿ ಅಜ್ಜನನ್ನು ಮುಂದೆ ನಿಲ್ಲಿಸಿದ್ದೇನೆ. ನನಗೆ ಹೆದರಿಕೆಯಾಗುತ್ತಿದೆ ಅಕ್ಕಾ. ಹೆದರಿಕೆಯಿಲ್ಲದವನೇ ಹೋರಾಟಗಾರ ಎಂದು ಓದಿದ್ದೆ. ಅದನ್ನು ಬರೆದವನು ಈ ಸಾಲಿನಲ್ಲಿ ನಿಂತಿರಲಿಕ್ಕಿಲ್ಲ.

ಈ ಕಾಗದವನ್ನು ಮಡಿಚಿ ಅಜ್ಜನ ಜೇಬಿನಲ್ಲಿಡುತ್ತೇನೆ, ಮನೆಯ ವಿಳಾಸ ಎಂದು ಹೇಳಿ. ನಾನೂ ದಾಟಿದರೆ ಕಿತ್ತುಕೊಂಡು ಹರಿದು ಹಾಕುತ್ತೇನೆ. ನೀನು ಇದನ್ನು ಓದುತ್ತಿದ್ದೀಯ ಎಂದರೆ ನಾನು ದಾಟಲಿಲ್ಲ.

ಅಜ್ಜನ ಸರದಿ ಬಂತು.


ಏಪ್ರಿಲ್ 24

ತಮ್ಮಾ,

ನಿನ್ನನ್ನು ಎಲ್ಲಿಟ್ಟಿದ್ದಾರೆಂದು ನಮಗೆ ಗೊತ್ತಿಲ್ಲ. ಹಾಗೆ ಹಿಡಿದಿಟ್ಟವರಿಗೆ ಬರೆದ ಕಾಗದವನ್ನು ಅಲ್ಲಿನ ಪೊಲೀಸ್ ಕಚೇರಿಯ ವಿಳಾಸಕ್ಕೆ ಹಾಕಬೇಕೆಂದು ಡ್ರೈವರಣ್ಣ ಹೇಳಿದ. ಒಂದು ಪ್ರತಿ ಅಲ್ಲಿಗೆ, ಒಂದು ನಿಮ್ಮ ಕೋಣೆಗೆ ಹಾಕುತ್ತಿದ್ದೇನೆ.

ಹದಿನಾಲ್ಕರ ಮಧ್ಯಾಹ್ನ ಅಜ್ಜನವರು ಡ್ರೈವರಣ್ಣನ ಹೆಂಡತಿ ಹೇಳಿದ ಗುರುತು ಹಿಡಿದು ಬಂದು ಬಾಗಿಲಲ್ಲಿ ನಿಂತು, “ಲೀಡರನ ಅಕ್ಕನ ಮನೆ ಇದೇನಾ? ಅವನು ಮುಂದಿನ ವಿಮಾನಕ್ಕೆ ಬರ್ತಾನೆ. ಏನೋ ಕಾಗದ ಸರಿಯಿಲ್ಲ ಅಂತ ಪಕ್ಕಕ್ಕೆ ಕರೆದ್ರು. ಹೋಗು ಹೋಗು ಅಂತ ಕೈ ಮಾಡ್ದ, ನಾನು ಬಂದೆ” ಅಂದರು. ಆಮೇಲೆ ಜೇಬಿನಿಂದ ನಿನ್ನ ಹಾಳೆ ತೆಗೆದುಕೊಟ್ಟು, ರೂಢಿಯಂತೆ ನನ್ನ ಮುಂದೆ ಕೂತು, “ಓದಮ್ಮ, ಗಟ್ಟಿಯಾಗಿ” ಅಂದರು.

ನಾನು ಮನಸ್ಸಿನಲ್ಲೇ ಎರಡು ಸಾಲು ಓದಿದೆ. ಏನಾದರೂ ಹುಟ್ಟಿಸಿ ಹೇಳಬಹುದಿತ್ತು, ಆ ವಿದ್ಯೆ ನನಗೆ ಬರುತ್ತದೆ. ಅಮ್ಮನೂ ಒಳಗಿಂದ ಬಂದು ನಿಂತಳು. ಪೂರ್ತಿ ಓದಿದೆ. ಒಂದು ಅಕ್ಷರ ಬಿಡಲಿಲ್ಲ.

ಅಜ್ಜನವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಚಿದರು. ಆಮೇಲೆ, “ಅವನಿಗೆ ಸಹಿ ಹಾಕಿದೋನು ನಾನು. ನಾನು ಇಲ್ಲಿ ಕೂತಿದೀನಲ್ಲಮ್ಮ” ಅಂದರು. ಮರುದಿನದಿಂದ ದಿನಾ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ವಾಪಸು ಹೊರಡುತ್ತಾರೆ. ಅವರ ಪಾಸ್‌ಪೋರ್ಟನ್ನು ನನ್ನ ನೂಲಿನ ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದೇನೆ. ಕೀ ಅಮ್ಮನ ಸೆರಗಿನ ತುದಿಯಲ್ಲಿದೆ. ನಿನ್ನ ನಿಯಮ ನಮ್ಮ ಮನೆಗೂ ಬಂತು, ನೋಡು.

ಬಾಗಿಲು ಸರಿಯಾಗಿದೆ. ಕೆಳಗಿನ ತಿರುಗಣಿ ಸವೆದಿತ್ತಂತೆ, ಅರ್ಧ ಗಂಟೆಯ ಕೆಲಸ. ಈಗ ಸದ್ದೇ ಇಲ್ಲದೆ ತೆರೆಯುತ್ತದೆ. ಅದೇ ತೊಂದರೆಯಾಗಿದೆ. ಯಾರಾದರೂ ಬಂದರೆ ಗೊತ್ತಾಗುವುದಿಲ್ಲ ಎಂದು ಅಮ್ಮ ಇಡೀ ದಿನ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾಳೆ.

ನಿನ್ನ ಸಂಬಳದ ವಿಷಯ, ನಿನ್ನನ್ನು ಹಿಡಿದ ವಿಷಯ ಎರಡನ್ನೂ ಬರೆದು ಇಲ್ಲಿಂದ ಸರ್ಕಾರಕ್ಕೆ ಅರ್ಜಿ ಹಾಕಿದ್ದೇವೆ. ಒಂದಲ್ಲ, ಐದು. ಈ ಸಲ ಒಂದೇ ಕೈ ಅಲ್ಲ. ಪೇಂಟರಣ್ಣನ ಹೆಂಡತಿ ತಾನೇ ಬರೆದಳು, ಮೂರು ಹಾಳೆ ಹರಿದು ನಾಲ್ಕನೆಯದಕ್ಕೆ. ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ, ಆದರೆ ಅವಳವೇ. ಡ್ರೈವರಣ್ಣ ನಾನು ಬರೆದುಕೊಟ್ಟದ್ದನ್ನು ನೋಡಿಕೊಂಡು ರಸ್ತೆಯ ಬೋರ್ಡಿನ ಹಾಗೆ ದಪ್ಪಗೆ ಬರೆದಿದ್ದಾನೆ. ಅಜ್ಜನವರು ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಹೆಸರು ಬರೆಯುವುದನ್ನು ಕಲಿಸು ಎಂದು ಕೂತರು. ಆರು ದಿನ ಹಿಡಿಯಿತು, ಅವರ ಅರ್ಜಿ ನಿನ್ನೆ ಹೋಯಿತು. ಇವಕ್ಕೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಅಲ್ಲಿ ನಿನ್ನ ಜೊತೆ ಬೇರೆಯವರೂ ಇರುತ್ತಾರೆ. ನಿನ್ನ ನಿಯಮದಂತೆ ಇದನ್ನು ಎಲ್ಲರೆದುರು ಗಟ್ಟಿಯಾಗಿ ಓದು. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಇದನ್ನು ಎರಡು ಸಲ ಓದು.

ಅಕ್ಕ